ಕೊಲ್ಲಿಯ ಚಿತ್ರದ ಬಿಳಿ ಮೂಲೆ

ಭೂಮಿಯನ್ನು ಆಕಾಶದಿಂದ ನೋಡಿ ಓದುವ ವಿದ್ಯೆ ನಮ್ಮಲ್ಲಿ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಅದರ ಕೈಹಿಡಿದು ನಡೆಸಿದ ಕೆಲವೇ ಮಂದಿಯಲ್ಲಿ ನಮ್ಮ ಮೇಷ್ಟ್ರು ಪ್ರಮುಖರು. ಉಪಗ್ರಹ ಕಳುಹಿಸುವ ಚಿತ್ರವೆಂದರೆ ಸ್ಟುಡಿಯೋದಲ್ಲಿ ತಲೆ ಬಾಚಿಕೊಂಡು ಕುಳಿತು ತೆಗೆಸಿಕೊಂಡ ಫೋಟೋ ಅಲ್ಲ. ಅದು ತುಂಡುತುಂಡಾಗಿ, ಓರೆಕೋರೆಯಾಗಿ, ಬಣ್ಣಗೆಟ್ಟು ಬರುತ್ತದೆ. ಅದನ್ನು ನೇರಮಾಡಿ, ಬಣ್ಣ ಹೊಂದಿಸಿ, ಇದು ನೀರು, ಇದು ನೆಲ, ಇದು ಬರೀ ನೆರಳು ಎಂದು ವಿಂಗಡಿಸಿ ಜನರ ಕೈಗೆ ಕೊಡುವುದಕ್ಕೆ ಕಣ್ಣಷ್ಟೇ ಸಾಲದು, ತಾಳ್ಮೆ ಬೇಕು. ತಾಳ್ಮೆಯ ಜೊತೆಗೆ ತುಸು ಹಟವೂ ಬೇಕು. ಇವೆರಡೂ ಮೇಷ್ಟ್ರಲ್ಲಿ ಧಾರಾಳವಾಗಿದ್ದವು. ಹಟ ಒಂದು ತೂಕ ಹೆಚ್ಚೇ ಇತ್ತೆಂದು ಅವರ ಕೈಕೆಳಗೆ ದುಡಿದ ನಾವು ಸಾಕ್ಷಿ ಹೇಳಬಲ್ಲೆವು. ಶಾಲೆಯಲ್ಲಿ ಒಂದು ದಿನವೂ ಪಾಠ ಹೇಳದವರಿಗೆ ಮೇಷ್ಟ್ರು ಎಂಬ ಹೆಸರು ಬಂದದ್ದಕ್ಕೂ ಈ ತಾಳ್ಮೆಯೇ ಕಾರಣ. ಯಾರೇ ಚಿತ್ರವನ್ನು ತಪ್ಪಾಗಿ ಓದಿದರೂ ಅವರು ಬೈಯುತ್ತಿರಲಿಲ್ಲ; 'ಇನ್ನೊಂದ್ಸಲ ಓದು' ಎನ್ನುತ್ತಿದ್ದರು, ಸರಿಯಾಗುವ ತನಕ ಅದನ್ನೇ ಎನ್ನುತ್ತಿದ್ದರು. ಅದಕ್ಕಿಂತ ಬೈಗುಳವೇ ವಾಸಿ ಎಂದು ನಮಗೆ ಎಷ್ಟೋ ಸಲ ಅನ್ನಿಸಿದ್ದುಂಟು.

ಅವರು ಕೆಲಸಕ್ಕೆ ಸೇರಿದಾಗ ನಮ್ಮ ಕಚೇರಿ ಎಂಬುದು ಅಂಚೆ ಕಟ್ಟಡದ ಮಹಡಿಯ ಮೇಲಿನ ಎರಡು ಕೋಣೆಗಳಾಗಿತ್ತು. ಒಂದರಲ್ಲಿ ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜು, ಇನ್ನೊಂದರಲ್ಲಿ ಸುರುಳಿ ಸುತ್ತಿಟ್ಟ ಚಿತ್ರಗಳ ರಾಶಿ. ಹೊಸಬರಾದ ಅವರಿಗೆ ಯಾರಿಗೂ ಬೇಡದ ಒಂದು ಕೊಲ್ಲಿಯನ್ನು ಒಪ್ಪಿಸಲಾಯಿತು. ಕುಡುಗೋಲಿನಂತೆ ಬಾಗಿದ ಕಡಲು, ಅದರ ಸುತ್ತ ನಾಲ್ಕು ನಗರಗಳು: ಹಡಗುಗಳದ್ದೊಂದು, ಕಾರ್ಖಾನೆಗಳದ್ದೊಂದು, ಹಳೆಯ ಕೋಟೆಯದ್ದೊಂದು, ಹವಾ ಬದಲಿಸಲು ಬರುವವರ ಹೋಟೆಲುಗಳದ್ದೊಂದು. ಸದಾ ಮಂಜು, ಸದಾ ಮಬ್ಬು. ಚಿತ್ರ ಬಂದರೆ ಅರ್ಧ ಕಾಣುವುದು, ಅರ್ಧ ಕಾಣದು. ಬೇರೆಯವರು ಮುಖ ಸಿಂಡರಿಸಿ ದೂಡಿದ್ದನ್ನು ಮೇಷ್ಟ್ರು ಎದೆಗವಚಿಕೊಂಡರು. ಯಾವ ಬೀದಿ ಎಲ್ಲಿ ತಿರುಗುತ್ತದೆ, ಯಾವ ಕಾರ್ಖಾನೆ ಯಾವ ಬಣ್ಣದ ನೀರನ್ನು ಬಿಡುತ್ತದೆ ಎಂಬುದೆಲ್ಲ ಅವರಿಗೆ ಕಂಠಪಾಠವಾಯಿತು. ಆದರೆ ನಮ್ಮ ಕಚೇರಿ ಇರುವುದು ಒಳನಾಡಿನಲ್ಲಿ. ಆ ಕೊಲ್ಲಿಯ ದಡದಲ್ಲಿ ಅವರು ಒಂದು ಸಲವೂ ಕಾಲಿಟ್ಟಿರಲಿಲ್ಲ. ಹೋಗಿ ನೋಡಬಾರದೇ ಎಂದು ಕೇಳಿದರೆ, ದಿನಾ ನೋಡ್ತಾನೇ ಇದೀನಲ್ಲ ಎಂಬ ಉತ್ತರ ಸಿದ್ಧವಾಗಿರುತ್ತಿತ್ತು.

ಅವರ ಅಂತಃಕರಣದ ಬಗ್ಗೆ ಹೇಳದೆ ಮುಂದೆ ಹೋದರೆ ನನ್ನ ಪೆನ್ನಿಗೆ ಕೃತಜ್ಞತೆಯೇ ಇಲ್ಲವೆಂದಾದೀತು. ಕಚೇರಿಗೆ ಹೊಸಬರು ಯಾರೇ ಬರಲಿ, ಅವರು ಯಾವ ಊರಿನವರೆಂದು ಮೆಲ್ಲಗೆ ವಿಚಾರಿಸಿಕೊಂಡು, ಮೊದಲ ದಿನ ಅವರ ಮೇಜಿನ ಮೇಲೆ ಅಂಗೈಯಗಲದ ಒಂದು ಚಿತ್ರವನ್ನು ಇಟ್ಟಿರುತ್ತಿದ್ದರು. ಅದರಲ್ಲಿ ಅವರವರ ಮನೆಯಿರುವ ಬೀದಿ. ನಾನು ಮುದ್ರಣ ವಿಭಾಗಕ್ಕೆ ಸೇರಿದಾಗ ಅಮ್ಮ ಹಾಸಿಗೆ ಹಿಡಿದಿದ್ದಳು. ಅವಳನ್ನು ಬಿಟ್ಟು ಬಂದಿದ್ದೆ. ಮೇಜಿನ ಮೇಲಿನ ಚಿತ್ರದಲ್ಲಿ ನಮ್ಮ ತಾರಸಿ, ಅದರ ಮೇಲೆ ಅಪ್ಪ ಇರಿಸಿದ ನೀಲಿ ಟ್ಯಾಂಕು ಸಾಸಿವೆಯಷ್ಟು ಕಾಣುತ್ತಿತ್ತು. ನಾನು ಅತ್ತದ್ದನ್ನು ನೋಡದವರಂತೆ ಅವರು ಕಿಟಕಿಯ ಕಡೆಗೆ ತಿರುಗಿ ನಿಂತಿದ್ದರು. ಅಮ್ಮ ತೀರಿಕೊಂಡ ಮೇಲೆ ಅಕ್ಕ ಆ ಚಿತ್ರವನ್ನು ಕೇಳಿ ಇಸಿದುಕೊಂಡಳು, ಇಂದಿಗೂ ಹಿಂದಕ್ಕೆ ಕೊಟ್ಟಿಲ್ಲ.

ಇನ್ನು ಅವರ ಕೈಚಳಕ. ಮೋಡ ಮುಚ್ಚಿದ ಜಾಗಕ್ಕೆ, ಮೋಡವಿಲ್ಲದ ಬೇರೊಂದು ದಿನದ ಚಿತ್ರದಿಂದ ಅದೇ ಜಾಗವನ್ನು ಕತ್ತರಿಸಿ ತಂದು ಕೂಡಿಸುವುದು ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವ ಕೆಲಸ. ನಾವು ಅದನ್ನು ತೇಪೆ ಎನ್ನುತ್ತೇವೆ. ಬೇರೆಯವರ ತೇಪೆ ತೇಪೆಯಂತೆಯೇ ಕಾಣುತ್ತದೆ. ಮೇಷ್ಟ್ರ ತೇಪೆಯನ್ನು ಅವರೇ ಬೆರಳಿಟ್ಟು ತೋರಿಸದಿದ್ದರೆ ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ. ಅವರ ಮಡದಿ ಹೊಲಿಗೆ ಅಂಗಡಿ ನಡೆಸುವವರು. ಇಬ್ಬರದ್ದೂ ಒಂದೇ ಕಸುಬು, ತನಗೆ ಮಾತ್ರ ಯಾರೂ ಪ್ರಶಸ್ತಿ ಕೊಡುವುದಿಲ್ಲ ಎಂದು ಆಕೆ ನಮ್ಮ ಮುಂದೆಯೇ ಗಂಡನನ್ನು ಕಿಚಾಯಿಸುತ್ತಿದ್ದರು. ಪ್ರಶಸ್ತಿ ಬಂದದ್ದು ನಿಜ. ನಾಲ್ಕೂ ನಗರಗಳು ಒಂದೇ ಹಾಳೆಯಲ್ಲಿ, ಒಂದು ಚೂರೂ ಮೋಡವಿಲ್ಲದೆ ಥಳಥಳಿಸುವ ಕೊಲ್ಲಿಯ ದೊಡ್ಡ ಚಿತ್ರವನ್ನು ಮೇಷ್ಟ್ರು ಸಿದ್ಧಪಡಿಸಿದರು, ನಾನು ಅಚ್ಚು ಹಾಕಿದೆ. ಅದು ಬ್ಯಾಂಕುಗಳ ಗೋಡೆಗೆ ಹೋಯಿತು, ಬಂದರಿನ ಕಚೇರಿಗೆ ಹೋಯಿತು, ಶಾಲೆಗಳಿಗೆ ಹೋಯಿತು. ಕೊಲ್ಲಿಯ ಸುತ್ತ ಉಬ್ಬರದ ನೀರಿಗೆ ಅಡ್ಡಲಾಗಿ ತಡೆಗೋಡೆ ಕಟ್ಟಲೆಂದು ನೇಮಿಸಿದ ಸಮಿತಿಯವರ ಮೇಜಿನ ಮೇಲೂ ಅದನ್ನೇ ಹಾಸಿ, ಅದರ ಮೇಲೆಯೇ ಗೋಡೆಯ ಗೆರೆಯನ್ನು ಎಳೆದರು.

ಇಲ್ಲಿಗೆ ಬಂದಾಗ, ಮೇಷ್ಟ್ರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಗ್ರಂಥದ ಸಂಪಾದಕರು ನನ್ನನ್ನು ಕರೆದು, ಗೋಡೆಯ ಪ್ರಸಂಗವನ್ನು ಬಿಟ್ಟು ಬರೆದರೆ ಚೆನ್ನ, ಅಭಿನಂದನೆಯಲ್ಲಿ ತಪ್ಪಿನ ಮಾತೇಕೆ ಎಂದು ನಯವಾಗಿ ಸೂಚಿಸಿದರು. ನಾನು ನೇರವಾಗಿ ಮೇಷ್ಟ್ರನ್ನೇ ಕೇಳಿದೆ. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದು ಅಟ್ಟಕ್ಕೇರಿಸುವುದಾದರೆ ಪುಸ್ತಕವನ್ನು ನೀವೇ ಇಟ್ಟುಕೊಳ್ಳಿ ಎಂದರು. ಆದ್ದರಿಂದ ಬರೆಯುತ್ತೇನೆ, ಸಂಪಾದಕರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಒಂದು ದಿನ ನಮ್ಮ ಮಾರಾಟದ ಕಿಟಕಿಯ ಬಳಿಗೆ ಒಬ್ಬ ಟೀಚರ್ ಬಂದರು. ಕಂಕುಳಲ್ಲಿ ಸುರುಳಿ ಸುತ್ತಿದ ಕೊಲ್ಲಿಯ ಚಿತ್ರ. ತಮ್ಮ ಶಾಲೆ ಇದರಲ್ಲಿಲ್ಲ, ಇದನ್ನು ಹಿಂದಕ್ಕೆ ತೆಗೆದುಕೊಳ್ಳಿ ಎಂದು ಅವರು ಹೇಳಿದರೆ, ಅಷ್ಟು ಎತ್ತರದಿಂದ ತೆಗೆದದ್ದರಲ್ಲಿ ಸಣ್ಣ ಶಾಲೆ ಕಾಣುವುದಿಲ್ಲ ತಾಯಿ ಎಂದು ಕಿಟಕಿಯ ಗುಮಾಸ್ತರು ಸಮಾಧಾನ ಹೇಳಿದರು. ನಾನು ಅಲ್ಲೇ ಇದ್ದೆ. ಆಕೆ ಸಿಟ್ಟಾಗಲಿಲ್ಲ, ದನಿಯನ್ನೂ ಏರಿಸಲಿಲ್ಲ.

“ಸ್ಕೂಲು ಚಿಕ್ಕದೇ ಸ್ವಾಮಿ, ಒಪ್ಕೊಂಡೆ. ನೀರಿನ ಟ್ಯಾಂಕು? ಬಸ್ ಸ್ಟ್ಯಾಂಡು? ಎರಡೂ ಕಡೆ ಮನೆಗಳಿರೋ ಅಷ್ಟುದ್ದ ರಸ್ತೆ? ಅದೂ ಕಾಣಲ್ವಾ?”

ನಾನು ಆಕೆಯನ್ನು ಮೇಷ್ಟ್ರ ಕೋಣೆಗೆ ಕರೆದೊಯ್ದೆ. ಟೀಚರ್ ಚಿತ್ರವನ್ನು ಬಿಡಿಸಿ, ಕುಡುಗೋಲಿನ ತುದಿಯಲ್ಲಿ ನದಿ ಕಡಲಿಗೆ ಸೇರುವ ಅಳಿವೆಯ ಮೂಲೆಯ ಮೇಲೆ ಬೆರಳಿಟ್ಟರು. ಚಿತ್ರದಲ್ಲಿ ಅಲ್ಲಿ ಕಂದುಹಸುರಿನ ಜೌಗು, ನಡುನಡುವೆ ನೀರಿನ ಗೀರುಗಳು. ಒಂದು ಮನೆಯೂ ಇಲ್ಲ. ಬಂದರನ್ನು ಅಗಲಿಸಿದಾಗ ಅಲ್ಲಿಂದ ಎಬ್ಬಿಸಿದ ಸಂಸಾರಗಳಿಗೆ ಆ ಜೌಗನ್ನು ತುಂಬಿಸಿ ಜಾಗ ಕೊಟ್ಟಿದ್ದರಂತೆ. ಮನೆಗಳೆದ್ದು, ಶಾಲೆಯಾಗಿ, ಆ ಶಾಲೆಯಲ್ಲಿ ಕಲಿತವರ ಮಕ್ಕಳೂ ಈಗ ಅಲ್ಲೇ ಕಲಿಯುತ್ತಿದ್ದರಂತೆ. ಕಾಗದಪತ್ರಗಳಲ್ಲಿ ಮಾತ್ರ ಎಲ್ಲರಿಗೂ ಇನ್ನೂ ಬಂದರಿನ ಹಳೆಯ ವಿಳಾಸವೇ. ಹಾಗಾಗಿ ತಡೆಗೋಡೆಯ ಗೆರೆ ಅಳಿವೆಯ ಈಚೆಗೇ ನಿಂತಿತ್ತು, ಬಡಾವಣೆ ಪೂರ್ತಿಯಾಗಿ ಗೋಡೆಯ ಆಚೆಗೆ, ಕಡಲಿನ ಪಾಲಿಗೆ ಉಳಿದಿತ್ತು. ಮರುವಾರವೇ ಸಮಿತಿ ಆ ಗೆರೆಗೆ ಅಂತಿಮ ಒಪ್ಪಿಗೆ ಕೊಡುವುದಿತ್ತು.

“ನಾವು ಹೋಗಿ ಹೇಳಿದ್ವಿ ಸಾರ್, ಅಲ್ಲಿ ಜನ ಇದೀವಿ ಅಂತ. ಅವರು ಈ ಚಿತ್ರ ತೋರಿಸಿದ್ರು. ನಮ್ಮನ್ನ ಎದುರಿಗೆ ಕೂರಿಸ್ಕೊಂಡೇ ಚಿತ್ರನ ನಂಬಿದ್ರು.”

ಮೇಷ್ಟ್ರು ಎದ್ದು ಹೋಗಿ ಮೂಲ ಚಿತ್ರಗಳನ್ನು ತಂದು ಒಂದೊಂದಾಗಿ ಹರಡಿದರು. ವರ್ಷ ಬೇರೆ, ತಿಂಗಳು ಬೇರೆ. ಅಳಿವೆಯ ಮೂಲೆ ಮಾತ್ರ ಎಲ್ಲದರಲ್ಲೂ ಬೆಳ್ಳಗೆ. ಉಪಗ್ರಹ ನಮ್ಮ ಕೊಲ್ಲಿಯನ್ನು ದಾಟುವುದು ಯಾವಾಗಲೂ ಬೆಳಗಿನ ಹೊತ್ತು; ಆ ಮೂಲೆಯಲ್ಲಿ ಮಂಜು ಕರಗುವುದು ಮಧ್ಯಾಹ್ನಕ್ಕೆ. ಬಹಳ ಹಿಂದೆ, ಒಂದೇ ಒಂದು ಒಣಗಾಳಿಯ ಬೆಳಿಗ್ಗೆ, ಆ ಮೂಲೆ ನಿಚ್ಚಳವಾಗಿ ಕಂಡಿತ್ತು. ಮೇಷ್ಟ್ರು ಅಂದಿನಿಂದ ಪ್ರತಿ ಸಲವೂ ಅದೇ ತುಂಡನ್ನು ತಂದು, ಹೊಸ ಚಿತ್ರದ ಬಣ್ಣಕ್ಕೆ ಹೊಂದಿಸಿ, ಗೆರೆ ಕಾಣದಂತೆ ಕೂಡಿಸುತ್ತ ಬಂದಿದ್ದರು. ಮನೆಗಳು ಏಳುವ ಮೊದಲಿನ ಜೌಗು ಹೀಗೆ ವರ್ಷವರ್ಷವೂ ಹೊಸದಾಗಿ ಅಚ್ಚಾಗುತ್ತಿತ್ತು. ತೇಪೆ ಅಷ್ಟು ಚೆನ್ನಾಗಿಲ್ಲದಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರೋ ಏನೋ.

ಆ ಸಂಜೆ ಮನೆಯಲ್ಲಿ ನಡೆದದ್ದನ್ನು ಅವರ ಮಡದಿಯೇ ನನಗೆ ಹೇಳಿದ್ದಾರೆ. ಗಂಡ ಊಟದ ತಟ್ಟೆಯ ಮುಂದೆ ಸುಮ್ಮನೆ ಕುಳಿತದ್ದನ್ನು ಕಂಡು ವಿಷಯ ಕೇಳಿದರಂತೆ. ಎಲ್ಲವನ್ನೂ ಕೇಳಿದ ಮೇಲೆ ಆಕೆ ಹೇಳಿದ್ದು ಇಷ್ಟು: “ನಾನು ಜೇಬಿನ ಹತ್ರ ತೇಪೆ ಹಾಕೋವಾಗ ಒಳಗೆ ಕೈ ಹಾಕಿ ನೋಡ್ತೀನಿ. ಇಲ್ದಿದ್ರೆ ಜೇಬಿನ ಬಾಯೇ ಸೇರಿಸಿ ಹೊಲಿದುಹೋಗುತ್ತೆ. ನೀವು ಒಂದು ಸಲನೂ ಕೈ ಹಾಕಿ ನೋಡ್ಲಿಲ್ಲ.” ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಯನ್ನು ಮೇಷ್ಟ್ರು ನಮಗೆಲ್ಲ ನೂರು ಸಲ ಹೇಳಿದ್ದರು, ಹೇಳುವವರಿಗೂ ಒಮ್ಮೆ ಯಾರಾದರೂ ಹೇಳಬೇಕಾಗುತ್ತದೆ.

ಮಾರನೆಯ ದಿನ ನಿರ್ದೇಶಕರು ಮೇಷ್ಟ್ರನ್ನು ಕರೆಸಿಕೊಂಡು ತುಂಬ ವಿಶ್ವಾಸದಿಂದಲೇ ಒಂದು ದಾರಿ ತೋರಿಸಿದರು. ಮುಂದಿನ ಮುದ್ರಣದಲ್ಲಿ ಮೂಲೆಯನ್ನು ಸದ್ದಿಲ್ಲದೆ ಸರಿಪಡಿಸಿದರಾಯಿತು; ತಾವು ಇನ್ನೇನು ನಿವೃತ್ತರಾಗುವವರು, ತಮ್ಮ ಕುರ್ಚಿಗೆ ಮೇಷ್ಟ್ರ ಹೆಸರನ್ನೇ ಸೂಚಿಸಿ ಆಗಿದೆ, ಈ ಹೊತ್ತಿನಲ್ಲಿ ಪ್ರಶಸ್ತಿ ಪಡೆದ ಚಿತ್ರವೇ ಸುಳ್ಳೆಂದು ಸಾರಿದರೆ ಕಚೇರಿಯ ಮಾನ ಹೋಗುತ್ತದೆ ಎಂದರು. ಮುಂದಿನ ಮುದ್ರಣ ಯಾವಾಗ ಎಂದು ಮೇಷ್ಟ್ರು ಕೇಳಿದರು. ಬರುವ ವರ್ಷ ಎಂಬ ಉತ್ತರ ಬಂತು. ಗೋಡೆಯ ಒಪ್ಪಿಗೆ ಮುಂದಿನ ವಾರ. ಮೇಷ್ಟ್ರು ನಮಸ್ಕಾರ ಹೇಳಿ ಹೊರಬಂದು, ನನ್ನ ಮೇಜಿನ ಬಳಿ ನಿಂತು, ಕಚೇರಿಯ ಒಳ್ಳೆಯ ಕ್ಯಾಮೆರಾ ಎಲ್ಲಿದೆ ಎಂದು ವಿಚಾರಿಸಿದರು.

ನಾವಿಬ್ಬರೂ ಬಸ್ಸು ಹತ್ತಿದೆವು. ಕೊಲ್ಲಿಯ ಮಗ್ಗುಲಿನ ಊರುಗಳು ಬಂದಂತೆ ಮೇಷ್ಟ್ರ ಮುಖ ಅರಳಿತು. ಅದೋ ಆ ತಿರುವು, ಇದೋ ಈ ಸೇತುವೆ ಎಂದು ನನಗೆ ತೋರಿಸುತ್ತ ಬಂದರು. ಆದರೆ ಕೊನೆಯ ನಿಲ್ದಾಣದಲ್ಲಿ ಇಳಿದು ಮಂಜಿನೊಳಗೆ ನಿಂತ ಮೇಲೆ ಅವರಿಗೆ ಎಡ ಯಾವುದು ಬಲ ಯಾವುದು ತಿಳಿಯಲಿಲ್ಲ. ಇಡೀ ಕೊಲ್ಲಿಯನ್ನು ಅಂಗೈ ನೆಲ್ಲಿಯಂತೆ ಬಲ್ಲ ಮಹಾನುಭಾವರು ಚಹಾದಂಗಡಿಯವನನ್ನು ಶಾಲೆಯ ದಾರಿ ಕೇಳಿದರು. ಅವನು, ಕಾಣ್ತಾ ಇಲ್ವಾ, ನೀವು ಸ್ಕೂಲಿನ ಗೋಡೆಗೇ ಒರಗಿ ನಿಂತಿದೀರಲ್ಲ ಅಂದ. ನಾನು ನಕ್ಕೆ. ಮೇಷ್ಟ್ರು ನಗಲಿಲ್ಲ, ಆ ಗೋಡೆಯ ಮೇಲೆ ಅಂಗೈಯಿಟ್ಟು ನೋಡಿದರು.

ಟೀಚರ್ ನಮ್ಮನ್ನು ಬೀದಿಬೀದಿ ಸುತ್ತಿಸಿದರು. ಅಲ್ಲಿಯ ಹೆಂಗಸರು ಬಟ್ಟೆ ಒಗೆದು ಹಿಂಡಿ ಬಕೆಟ್ಟಿನಲ್ಲೇ ಇಟ್ಟುಕೊಂಡಿರುತ್ತಾರೆ, ಹಗ್ಗಕ್ಕೆ ಹಾಕುವುದು ಮಂಜು ಕರಗಿದ ಮೇಲೆ. ಮಂಜಿನ ಹೊತ್ತುಗೊತ್ತು ಅಲ್ಲಿಯ ಚಿಕ್ಕ ಮಗುವಿಗೂ ಗೊತ್ತು. ಮಧ್ಯಾಹ್ನದ ಊಟವಾಗುವಷ್ಟರಲ್ಲಿ ಬೆಳಕು ಬಿತ್ತು. ಮನೆಗಳು, ತಾರಸಿಗಳು, ಸೈಕಲ್ ರಿಪೇರಿಯವನ ಟೈರುಗಳು, ದೂರದಲ್ಲಿ ಬರೀ ಒಂದು ಮರಳದಿಬ್ಬದ ಆಚೆ ಕಡಲು, ಎಲ್ಲವೂ ಒಮ್ಮೆಗೇ ಎದುರಾದವು. ಕಡಲು ಅಷ್ಟು ಹತ್ತಿರವಿದೆಯೆಂದು ನಮಗೆ ಬೆಳಗಿನಿಂದ ತಿಳಿದೇ ಇರಲಿಲ್ಲ.

ವಿಮಾನದಿಂದ ಚಿತ್ರ ತೆಗೆಸಲು ಅಪ್ಪಣೆ ಸಿಗುವಷ್ಟರಲ್ಲಿ ಗೋಡೆಯ ಪಾಯವೇ ಮುಗಿದಿರುತ್ತಿತ್ತು. ಎತ್ತರದ ಜಾಗವೆಂದರೆ ನೀರಿನ ಟ್ಯಾಂಕು ಒಂದೇ. ಇಲ್ಲಿ ಒಂದು ಗುಟ್ಟನ್ನು ಹೇಳಬೇಕು: ಜೀವಮಾನವಿಡೀ ಭೂಮಿಯನ್ನು ಆಕಾಶದಿಂದ ನೋಡಿದ ಮೇಷ್ಟ್ರಿಗೆ ಮಹಡಿಯ ಕಿಟಕಿಯಿಂದ ಬಗ್ಗಿದರೆ ತಲೆಸುತ್ತು ಬರುತ್ತದೆ. ಸ್ಟೂಲಿನ ಮೇಲೆ ಹತ್ತಿ ಬಲ್ಬು ಬದಲಾಯಿಸಲೂ ಅವರು ನನ್ನನ್ನೇ ಕರೆಯುತ್ತಿದ್ದರು. ನಾನು ಹತ್ತುತ್ತೇನೆಂದೆ, ಕ್ಯಾಮೆರಾ ಕೊಡಲಿಲ್ಲ. ಕಬ್ಬಿಣದ ಏಣಿಯ ಒಂದೊಂದು ಮೆಟ್ಟಿಲನ್ನೂ ತಬ್ಬಿಕೊಂಡು, ಕಣ್ಣು ಮುಚ್ಚಿಕೊಂಡು, ಯಾರಿಗೂ ಕೇಳದ ಹಾಗೆ ಏನನ್ನೋ ಗೊಣಗಿಕೊಂಡು ಹತ್ತಿದರು. ಸುದ್ದಿ ಹರಡಿ ಬಡಾವಣೆಯೇ ಕೆಳಗೆ ಸೇರಿತು. ಟ್ಯಾಂಕಿನ ಬುಡದಲ್ಲೇ ಎಲ್ಲರೂ ಗುಂಪುಗೂಡಿದರೆ ಚಿತ್ರ ಕೆಡುತ್ತದೆಂದು ಟೀಚರ್ ಹೇಳಿದರು: “ನಿಮ್ಮ ನಿಮ್ಮ ಬಾಗಿಲಿಗೆ ಹೋಗಿ ನಿಂತ್ಕೊಳ್ಳಿ. ಮೇಲೆ ನೋಡಿ. ಯಾರೂ ಒಳಗೆ ಉಳೀಬೇಡಿ.”

ಮೇಷ್ಟ್ರು ಸುತ್ತಲೂ ತಿರುಗಿ ತುಂಡುತುಂಡಾಗಿ ಚಿತ್ರ ತೆಗೆದರು. ಕಚೇರಿಗೆ ಮರಳಿ ಅವನ್ನು ಜೋಡಿಸಿದಾಗ ಕೂಡಿಸಿದ ಗೆರೆಗಳು ಎದ್ದು ಕಾಣುತ್ತಿದ್ದವು. ಅಳಿಸಲೇ ಎಂದು ಕೇಳಿದೆ. ಬೇಡ, ಎಲ್ಲಿ ಕೂಡಿಸಿದೀನಿ ಅಂತ ಕಾಣ್ಲಿ ಎಂದರು. ನಮ್ಮ ಕಚೇರಿಯಿಂದ ಹೊರಬಿದ್ದ ಲೆಕ್ಕವಿಲ್ಲದಷ್ಟು ಚಿತ್ರಗಳಲ್ಲಿ ಮನುಷ್ಯರ ಮುಖ ಇರುವುದು ಅದೊಂದರಲ್ಲೇ. ಬಾಣಂತಿಯೊಬ್ಬಳು ಮಗುವನ್ನು ಎತ್ತಿ ಹಿಡಿದಿದ್ದಾಳೆ. ಮುದುಕರೊಬ್ಬರನ್ನು ಮಂಚದ ಸಮೇತ ಬಾಗಿಲಿಗೆ ತಂದಿದ್ದಾರೆ. ಎಲ್ಲರ ಮುಖವೂ ಮೇಲಕ್ಕೆ.

ಸಮಿತಿಯ ಸಭೆಗೆ ಮೇಷ್ಟ್ರು ಎರಡು ಸುರುಳಿಗಳನ್ನು ಒಯ್ದರು, ನಾನು ಹಿಂದೆ ಹೋದೆ. ಒಂದು, ಅದೇ ಪ್ರಶಸ್ತಿಯ ಕೊಲ್ಲಿ; ಆದರೆ ಅಳಿವೆಯ ತೇಪೆಯನ್ನು ತೆಗೆದುಹಾಕಿ ಮಂಜಿನ ಬಿಳುಪನ್ನು ಇದ್ದ ಹಾಗೆಯೇ ಬಿಟ್ಟದ್ದು. ಇನ್ನೊಂದು, ಟ್ಯಾಂಕಿನ ಮೇಲಿಂದ ತೆಗೆದದ್ದು. ಅಧ್ಯಕ್ಷರು ಪ್ರಶಸ್ತಿಯ ಚಿತ್ರವನ್ನು ಹೊಗಳಲು ಶುರುಮಾಡಿದಾಗ ಮೇಷ್ಟ್ರು ಎದ್ದು ನಿಂತರು.

“ಆ ಮೂಲೆ ನನಗೆ ಕಾಣಿಸಿರಲಿಲ್ಲ. ಕಾಣದ್ದನ್ನ ಕಾಣಲಿಲ್ಲ ಅಂತ ಬಿಡಬೇಕಿತ್ತು. ನಾನು ಹಳೇದನ್ನ ತಂದು ಮುಚ್ಚಿದೆ. ನೀವು ಗೆರೆ ಎಳೆದಿರೋದು ನನ್ನ ತಪ್ಪಿನ ಮೇಲೆ. ಜನ ಇದ್ದಾರೆ. ಹೋಗಿ ನೋಡಿ ಬಂದಿದೀನಿ.”

ಸಭೆಯಲ್ಲಿ ಬಿರುಸಿನ ಮಾತುಗಳಾದವು. ಇಷ್ಟು ದಿನ ನಿದ್ದೆ ಮಾಡುತ್ತಿದ್ದಿರಾ ಎಂದು ಒಬ್ಬರು ಕೇಳಿದರು. ಹೌದು ಎಂದರು ಮೇಷ್ಟ್ರು. ಹಾಗೆ ಒಪ್ಪಿಕೊಂಡವರ ಜೊತೆ ಎಷ್ಟು ಹೊತ್ತು ಜಗಳವಾಡುವುದು? ಕೊನೆಗೆ ಅಧ್ಯಕ್ಷರು ಎರಡನೆಯ ಚಿತ್ರದ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು, ಆ ಮಂಚದ ಮೇಲಿನವರು ಯಾರು ಎಂದು ಕೇಳಿದರು. ಅಂದು ಕೊಡಬೇಕಿದ್ದ ಒಪ್ಪಿಗೆಯನ್ನು ತಡೆಹಿಡಿಯಲಾಯಿತು. ಎಂಜಿನಿಯರುಗಳು ಅಳತೆಯ ಪಟ್ಟಿ ಹಿಡಿದು ಮಧ್ಯಾಹ್ನದ ಮೇಲೆ ಅಳಿವೆಗೆ ಹೋದರು. ಗೋಡೆ ಬಡಾವಣೆಯನ್ನೂ ಒಳಗೆ ಸೇರಿಸಿಕೊಂಡು ಮರಳದಿಬ್ಬದ ತನಕ ಹೋಯಿತು.

ನಿರ್ದೇಶಕರ ಕುರ್ಚಿ ಮೇಷ್ಟ್ರಿಗೆ ಬರಲಿಲ್ಲ. ಅದು ಬಂದದ್ದು ಅವರ ಶಿಷ್ಯರೇ ಆದ ಈಗಿನ ನಿರ್ದೇಶಕರಿಗೆ. ಈ ಗ್ರಂಥಕ್ಕೆ ಮುನ್ನುಡಿ ಬರೆದವರೂ ಅವರೇ ಆದ್ದರಿಂದ ನಾನು ಹೀಗೆ ಬರೆದುದಕ್ಕೆ ಮುನಿಯಲಾರರು. ಅಧಿಕಾರ ವಹಿಸಿಕೊಂಡ ದಿನ ಮೇಷ್ಟ್ರ ಕಾಲು ಮುಟ್ಟಿ, ಇದು ನಿಮ್ಮ ಜಾಗ ಎಂದವರು ಅವರು. ನನಗೆ ಮಾತ್ರ ಹೊಟ್ಟೆ ಉರಿದದ್ದು ನಿಜ, ಇಂದಿಗೂ ಪೂರ್ತಿ ಆರಿಲ್ಲ. ಮೇಷ್ಟ್ರು ಆಮೇಲಿನ ವರ್ಷಗಳನ್ನೆಲ್ಲ ಹಳೆಯ ಚಿತ್ರಗಳ ತೇಪೆಗಳನ್ನು ಬಿಚ್ಚುವುದರಲ್ಲಿ ಕಳೆದರು. ಎಲ್ಲಿ ಮೋಡವೋ ಅಲ್ಲಿ ಮೋಡ. ಕೊಳ್ಳುವವರು ಗೊಣಗಿದರು, ಚಂದವಿಲ್ಲ ಎಂದರು. ಬಿಳಿ ಕಂಡಲ್ಲಿ ಅಲ್ಲಿಯವರನ್ನೇ ಕೇಳಬೇಕೆಂಬುದು ನಮ್ಮ ಕಚೇರಿಯ ನಿಯಮವಾಯಿತು.

ಹೋದ ವರ್ಷ ಕಡಲು ಉಕ್ಕಿತು. ಎರಡು ದಿನದ ಬಿರುಗಾಳಿ ಇಳಿದ ಬೆಳಿಗ್ಗೆ ನಮಗೆ ಬಂದ ಚಿತ್ರದಲ್ಲಿ ಕೊಲ್ಲಿಯೂ ಇಲ್ಲ, ನಾಲ್ಕು ನಗರಗಳೂ ಇಲ್ಲ. ಹಾಳೆ ತುಂಬ ಬರೀ ಬಿಳುಪು. ಮೇಷ್ಟ್ರು ಅದರ ಮುಂದೆ ಕುಳಿತು ಟೀಚರಿಗೆ ಫೋನು ಹಚ್ಚಿದರು. ಹತ್ತಲಿಲ್ಲ. ಮತ್ತೆ ಹಚ್ಚಿದರು, ಮತ್ತೆ ಹತ್ತಲಿಲ್ಲ. ನಾವೆಲ್ಲ ಕೆಲಸ ಬಿಟ್ಟು ಅವರ ಸುತ್ತ ನಿಂತಿದ್ದೆವು. ಕೊನೆಗೆ ಆ ಕಡೆಯಿಂದ ಗಲಗಲ ಸದ್ದು ಕೇಳಿತು, ಅದರ ನಡುವೆ ಟೀಚರ ದನಿ: “ನೀರು ಗೋಡೆ ಆಚೇನೇ ನಿಂತಿದೆ ಸಾರ್. ಮಕ್ಕಳು ಬಂದಿದಾರೆ, ಹಾಜರಿ ಕೂಗ್ತಾ ಇದೀನಿ. ಆಮೇಲೆ ಮಾಡ್ಲಾ?” ಮೇಷ್ಟ್ರು ಆಯ್ತು ತಾಯಿ ಎಂದು ಫೋನು ಇಟ್ಟು, ನಮ್ಮೆಲ್ಲರ ಮುಂದೆ, ಯಾವ ಕಿಟಕಿಯ ಕಡೆಗೂ ತಿರುಗದೆ ಅತ್ತುಬಿಟ್ಟರು.

ನಿವೃತ್ತರಿಗೆ ವಿಶ್ರಾಂತಿ ಸಿಗಲಿ ಎಂದು ಹಾರೈಸುವುದು ವಾಡಿಕೆ. ಮೇಷ್ಟ್ರಿಗೆ ಅದು ಒಗ್ಗುವುದಿಲ್ಲ. ಸಿಕ್ಕರೆ ಅವರ ಮಡದಿಯ ಹೊಲಿಗೆ ಯಂತ್ರಕ್ಕೇ ಕೈ ಹಾಕಿ ಕೆಡಿಸಿಯಾರು. ಅವರಿಗೆ ಆಯುರಾರೋಗ್ಯ ದೊರೆಯಲಿ, ಕಣ್ಣು ಹೀಗೇ ಚುರುಕಾಗಿರಲಿ, ನಮ್ಮ ಚಿತ್ರಗಳನ್ನು 'ಇನ್ನೊಂದ್ಸಲ ಓದು' ಎಂದು ಕಾಡಲು ಅವರು ಆಗಾಗ ಬರುತ್ತಿರಲಿ. ನಾವು ಹಾರೈಸುವುದು ಸಾಲದೆಂದರೆ ಅಳಿವೆಯಲ್ಲಿ ಹಾರೈಸುವವರಿದ್ದಾರೆ. ಆ ಬಿಳಿ ಚಿತ್ರವನ್ನು ಕೆಲಸಕ್ಕೆ ಬಾರದ್ದೆಂದು ನಾನು ಎತ್ತಿಡಲು ಹೋದಾಗ ಮೇಷ್ಟ್ರು ತಡೆದು, ಕೆಳಗೆ ತಮ್ಮ ಕೈಯಾರೆ ಒಂದು ಸಾಲು ಬರೆದು, ಇದನ್ನು ಅಚ್ಚು ಹಾಕು ಎಂದರು. ಹಾಕಿದ್ದೇನೆ, ಈಗ ಕಚೇರಿಯ ಬಾಗಿಲಲ್ಲಿ ಮೊದಲು ಕಾಣುವುದು ಅದೇ. ಏನೂ ಕಾಣದ ಒಂದು ದೊಡ್ಡ ಬಿಳಿ ಹಾಳೆ, ಅದರ ಕೆಳಗೆ ಮೇಷ್ಟ್ರ ಅಕ್ಷರ: 'ಕೊಲ್ಲಿ, ಮೋಡದಡಿಯಲ್ಲಿ. ಜನ ಇದ್ದಾರೆ. ಕೇಳಿ ತಿಳಿದದ್ದು.'